ನಾವು ತಿಂದಿರದ ಕೋಳಿ

ಆ ಕೋಳಿಯನ್ನು ನಮ್ಮ ಮನೆಯಲ್ಲಿ ಯಾರೂ ತಿಂದಿರಲಿಲ್ಲ. 'ನಾವೂ ಅದನ್ನೇ ತಿಂದೆವು, ನಮಗೇನೂ ಆಗಲಿಲ್ಲ' ಎಂದು ವನಜಳ ಆಸ್ಪತ್ರೆಯ ಮಂಚದ ಪಕ್ಕ ನಿಂತು ನಾನು ಹೇಳಿದ್ದು ಸುಳ್ಳು. ಐದು ವರ್ಷ ಆ ಸುಳ್ಳನ್ನು ನಾನು ಹೊತ್ತುಕೊಂಡಿದ್ದೆ ಅಂತ ಬರೆಯಹೊರಟೆ — ಅದೂ ನಿಜವಲ್ಲ. ಹೊತ್ತವಳು ಅವಳು. ನಾನು ಹೇಳಿ ಕೈತೊಳೆದುಕೊಂಡೆ. ಅವಳು ನಂಬಿ, ಆ ಮಾತಿಗೆ ತಕ್ಕಂತೆ ಉಂಡಳು, ಉಪವಾಸ ಬಿದ್ದಳು, ಸೊರಗಿದಳು.

ನಾನು ಸರೋಜ. ಉಡುಪಿ ಕಡೆಯವಳು, ಮದುವೆಯಾಗಿ ಡೊಂಬಿವಲಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಆಗ ಠಾಣೆಯ ಘೋಡಬಂದರ್ ರಸ್ತೆಯ ಒಂದು ಮಾಲ್‌ನೊಳಗಿನ ಸೂಪರ್ ಮಾರ್ಕೆಟ್ಟಿನಲ್ಲಿ ಮಾಂಸದ ಕೌಂಟರ್ ನೋಡಿಕೊಳ್ಳುತ್ತಿದ್ದೆ. ವನಜ ನಮ್ಮ ಬಿಲ್ಡಿಂಗಿನವಳೇ, ಎರಡು ಮಹಡಿ ಮೇಲೆ. ಬೇಲಾಪುರದ ಒಂದು ಸರಕಾರಿ ಕಚೇರಿಯಲ್ಲಿ ಕೆಲಸ. ಬೆಳಿಗ್ಗೆ ಇಬ್ಬರೂ ಲೋಕಲ್ ರೈಲಿನ ಒಂದೇ ಲೇಡೀಸ್ ಡಬ್ಬಿಯಲ್ಲಿ ಠಾಣೆಯವರೆಗೆ ಜೋತಾಡಿಕೊಂಡು ಬರುತ್ತಿದ್ದೆವು. ಅಲ್ಲಿ ನಾನು ಬಸ್ಸಿಗೆ, ಅವಳು ಇನ್ನೊಂದು ಗಾಡಿಗೆ. ಮಾತೆಲ್ಲ ತುಳುವಿನಲ್ಲಿ — ಸುತ್ತ ನಿಂತವರಿಗೆ ಅರ್ಥವಾಗದಿದ್ದುದರಿಂದ ಯಾವ ಗುಟ್ಟನ್ನೂ ದೊಡ್ಡ ದನಿಯಲ್ಲಿ ಆಡಬಹುದಿತ್ತು.

ಅವಳ ದೊಡ್ಡ ಗುಟ್ಟು ಅವಳ ಹೊಟ್ಟೆ. ಹೆರಿಗೆಯ ನಂತರ ಶುರುವಾದದ್ದು. ಕರುಳು ಬಹಳ ಸೂಕ್ಷ್ಮ ಎಂದಿದ್ದರು ಡಾಕ್ಟರು. ಹಾಲು ಆಗದು, ಮೈದಾ ಆಗದು, ರಾಜ್ಮಾ ತಿಂದರೆ ಎರಡು ದಿನ ರಜೆ. ಡೊಂಬಿವಲಿಯಿಂದ ಬೇಲಾಪುರದವರೆಗೆ ಯಾವ ಸ್ಟೇಷನ್ನಿನ ಶೌಚಾಲಯ ತೆರೆದಿರುತ್ತದೆ, ಯಾವುದಕ್ಕೆ ಸದಾ ಬೀಗ, ಎಲ್ಲಿ ನೀರಿಲ್ಲ — ಎಲ್ಲವೂ ಅವಳಿಗೆ ಬಾಯಿಪಾಠ. ಕೇಳಿದವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಆದರೆ ಅವಳು ಸೋತವಳಲ್ಲ. ಒಂದೊಂದೇ ಪದಾರ್ಥವನ್ನು ಸ್ವಲ್ಪಸ್ವಲ್ಪ ತಿಂದು ನೋಡಿ, ತನಗೆ ಒಗ್ಗುವ ಊಟವೊಂದನ್ನು ತಾನೇ ಕಟ್ಟಿಕೊಂಡಿದ್ದಳು. ಕುಚ್ಚಲಕ್ಕಿ ಅನ್ನ, ಹೀರೆಕಾಯಿ, ಬೇಯಿಸಿದ ಕ್ಯಾರೆಟ್, ಮತ್ತೆ ಕೋಳಿ. ಚರ್ಮ ತೆಗೆದದ್ದು, ಕಾಳುಮೆಣಸು-ಜೀರಿಗೆ ಹಾಕಿ ಮೆತ್ತಗೆ ಬೇಯಿಸಿದ್ದು, ತೆಂಗಿನಕಾಯಿ ಇಲ್ಲ, ನಾಲ್ಕೇ ತುಂಡು. ಅದು ತಿಂದ ದಿನ ಮೈಯಲ್ಲಿ ಶಕ್ತಿ ಇರುತ್ತದೆ ಅನ್ನುತ್ತಿದ್ದಳು.

ಆ ಕೋಳಿ ನನ್ನ ಕೌಂಟರಿನದೇ ಆಗಬೇಕು. ಮನೆ ಹತ್ತಿರದ ಅಂಗಡಿಯವನ ಮೇಲೆ ಅವಳಿಗೆ ನಂಬಿಕೆ ಇಲ್ಲ. 'ನೀನಿದ್ದಿ ಅಲ್ವಾ ಮಾರಾಯ್ತಿ, ನಂಗೆಂತ ಹೆದರಿಕೆ?' ಎನ್ನುತ್ತಿದ್ದಳು. ನನಗೂ ಅದು ಹೆಮ್ಮೆ. ಗಾಜಿನ ಹಿಂದೆ ತಲೆಗೆ ಬಿಳಿ ಟೋಪಿ, ಕೈಗೆ ಗ್ಲೋವ್ಸ್ ಹಾಕಿ ನಿಂತವಳು ನಾನು — ನಮ್ಮಲ್ಲಿ ಎಲ್ಲವೂ ತಣ್ಣಗೆ, ಎಲ್ಲವೂ ಅವತ್ತಿನದು ಎಂದು ಇಡೀ ಡಬ್ಬಿಗೆ ಕೇಳುವಂತೆ ಹೇಳುತ್ತಿದ್ದೆ. ಹೆಚ್ಚಿನ ದಿನ ಅದು ನಿಜವೂ ಆಗಿತ್ತು.

ಆ ಶನಿವಾರ ನಿಜವಾಗಿರಲಿಲ್ಲ.

ಬೆಳಿಗ್ಗೆ ನಾನು ಹೋದಾಗ ಕೋಲ್ಡ್ ರೂಮಿನ ಮೋಟಾರು ನಿಂತಿತ್ತು. ಎಷ್ಟು ಹೊತ್ತಿನಿಂದ ನಿಂತಿತ್ತೋ ಯಾರಿಗೂ ಗೊತ್ತಿಲ್ಲ. ಬಾಗಿಲು ತೆಗೆದರೆ ಮುಖಕ್ಕೆ ತಣ್ಣನೆ ಗಾಳಿ ಬಡಿಯಲಿಲ್ಲ. ಟ್ರೇಗಳ ತಳದಲ್ಲಿ ಗುಲಾಬಿ ನೀರು ನಿಂತಿತ್ತು. ಮ್ಯಾನೇಜರ್ ಬಂದು ನೋಡಿ, ಮೋಟಾರು ರಿಪೇರಿಗೆ ಫೋನ್ ಮಾಡಿ, ನನ್ನ ಕಡೆ ತಿರುಗಿ ಹಿಂದಿಯಲ್ಲಿ ಅಂದ: 'ನೀರು ಒರೆಸಿ, ಹೊಸ ಪ್ಲಾಸ್ಟಿಕ್ ಸುತ್ತಿ, ಇವತ್ತಿನ ಲೇಬಲ್ ಹಚ್ಚಿಬಿಡಿ.' ಆ ತಿಂಗಳು ನನ್ನನ್ನು ಸೆಕ್ಷನ್ ಇನ್‌ಚಾರ್ಜ್ ಮಾಡುವ ಮಾತು ನಡೆದಿತ್ತು. ಆಗುವುದಿಲ್ಲ ಅನ್ನಬಹುದಿತ್ತು. ನನ್ನ ಜೊತೆ ಕೆಲಸ ಮಾಡುವ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು — ನಾನು ಅನ್ನಲಿ ಎಂದು ಕಾಯುತ್ತಿದ್ದಳೋ ಏನೋ. ನಾನು ಒದ್ದೆ ಬಟ್ಟೆ ಕೈಗೆತ್ತಿಕೊಂಡು ಹಳೆಯ ಲೇಬಲ್ ಕೀಳತೊಡಗಿದೆ. ಅವಳೂ ಶುರುಮಾಡಿದಳು.

ವಾಸನೆ ಬಂದಿತ್ತು. ಜೋರಾಗಿ ಅಲ್ಲ. ಮೂಗು ಹತ್ತಿರ ತಂದರೆ ಒಂದು ಚೂರು ಹುಳಿ. ನನಗೆ ಗೊತ್ತಾಗಿರಲಿಲ್ಲ ಎಂದು ನಾನು ಎಲ್ಲಿಯೂ ಹೇಳಲಾರೆ.

ಹನ್ನೊಂದಕ್ಕೆ ವನಜ ಬಂದಳು. ಅವಳಿಗೆ ಅಂದು ರಜೆ. ಮರುದಿನ ಕಚೇರಿಯ ಬಡ್ತಿ ಪರೀಕ್ಷೆ. ಎರಡು ವರ್ಷ ಓದಿದ್ದಳು — ರೈಲಿನಲ್ಲಿ ನಿಂತುಕೊಂಡು, ಪುಸ್ತಕವನ್ನು ನನ್ನ ಬೆನ್ನಿಗೆ ಒರಗಿಸಿಕೊಂಡು. ಠಾಣೆಯಲ್ಲಿ ಯಾರಿಂದಲೋ ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಳ್ಳಲು ಬಂದವಳು ಹಾಗೇ ನನ್ನ ಕೌಂಟರಿಗೂ ಬಂದಳು. 'ಗಂಡನಿಗೆ ಶನಿವಾರ ಮಾಂಸ ಆಗ್ಲಿಕ್ಕಿಲ್ಲ, ಮಗಳು ಕಲ್ಯಾಣದಲ್ಲಿರುವ ಸೋದರತ್ತೆ ಮನೆಗೆ ಹೋಗಿದ್ದಾಳೆ. ನಂಗೊಬ್ಬಳಿಗೇ ಮಾಡಿಕೊಳ್ತೇನೆ. ನಾಳೆಗೆ ಸ್ವಲ್ಪ ಶಕ್ತಿ ಬೇಕು' ಅಂದಳು. ಆಮೇಲೆ, ಯಾವತ್ತೂ ಕೇಳುವಂತೆ, ಕೇಳಿದಳು: 'ಇವತ್ತಿನದೇ ಅಲ್ವಾ?'

ಮ್ಯಾನೇಜರ್ ಎರಡು ಹೆಜ್ಜೆ ದೂರದಲ್ಲಿದ್ದ. ಆದರೆ ಅವನಿಗೆ ತುಳು ಬರುತ್ತಿರಲಿಲ್ಲ. ನಗುನಗುತ್ತಲೇ 'ಇವತ್ತು ಬೇಡ, ಹೋಗು' ಎಂದು ನಾನು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಷ್ಟು ಸುಲಭವಿತ್ತು. ಅದನ್ನು ನೆನೆದಾಗೆಲ್ಲ ನನಗೆ... ಆದರೆ ಹಾಗೆ ಹೇಳಿದ್ದರೆ ನನ್ನ ಕೌಂಟರಿನ ಬಗ್ಗೆ ನಾನು ಹೇಳಿಕೊಂಡಿದ್ದೆಲ್ಲ ಬಿದ್ದುಹೋಗುತ್ತಿತ್ತು.

'ಇವತ್ತಿನದೇ' ಅಂದೆ. ಒಳ್ಳೆಯ ತುಂಡು ಆರಿಸಿದಂತೆ ಮಾಡಿ ಕೊಟ್ಟೆ.

ಸಂಜೆ ಆರಕ್ಕೆ ವಾಂತಿ-ಭೇದಿ ಶುರುವಾಯಿತಂತೆ. ಭಾನುವಾರ ಬೆಳಿಗ್ಗೆ ಪರೀಕ್ಷೆಗೆ ಹೊರಡಬೇಕಾದ ಹೊತ್ತಿಗೆ ಅವಳನ್ನು ಸ್ಟೇಷನ್ ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿದರು. ಮೂರು ದಿನ ಸಲೈನ್. ನಾನು ನೋಡಲು ಹೋದಾಗ ತುಟಿ ಒಣಗಿ ಬಿರಿದಿತ್ತು. 'ಏನು ತಿಂದಿರಿ ಅಂತ ಡಾಕ್ಟ್ರು ಕೇಳ್ತಿದ್ದಾರೆ' ಅಂದಳು. 'ಕೋಳಿಯದೇ ತೊಂದರೆ ಇರಬಹುದಾ ಸರೋಜ?' ಅವಳು ಆರೋಪಿಸಲಿಲ್ಲ. ತಿಳಿಯಲಿಕ್ಕೆ ಕೇಳಿದಳು, ಅಷ್ಟೇ.

'ನಾವೂ ಅದನ್ನೇ ತಿಂದೆವು, ನಮಗೇನೂ ಆಗಲಿಲ್ಲ' — ಯಾರೋ ಹೇಳಿಕೊಟ್ಟ ಮಾತಲ್ಲ. ನಾನೇ ಹುಟ್ಟಿಸಿದ್ದು. ಅಷ್ಟಕ್ಕೇ ನಿಲ್ಲಿಸಲಿಲ್ಲ: 'ಪರೀಕ್ಷೆಯ ಟೆನ್ಶನ್ ಇರಬೇಕು, ನಿನ್ನ ಹೊಟ್ಟೆ ನಿನಗೆ ಗೊತ್ತಲ್ಲ.'

ಅವಳು ಕಣ್ಣು ಮುಚ್ಚಿ ತಲೆಯಾಡಿಸಿದಳು. 'ಹೌದು. ನನ್ನ ಹೊಟ್ಟೆಯೇ ಹಾಗೆ' ಅಂದಳು.

ಆಮೇಲಿನ ಐದು ವರ್ಷ ಅವಳು ಕೋಳಿ ಮುಟ್ಟಲಿಲ್ಲ. ಕೋಳಿಯೇ ಆಗದ ಮೇಲೆ ಮೀನು ಆದೀತೇ, ಮೊಟ್ಟೆ ಆದೀತೇ — ಒಂದೊಂದನ್ನೇ ಬಿಟ್ಟಳು. ಕೊನೆಗೆ ಗಂಜಿ, ಸೋರೆಕಾಯಿ, ಬೇಯಿಸಿದ ಸೇಬು. ಇಲ್ಲಿನ ನಮ್ಮ ತುಳುವರ ಸಂಘದ ಕಾರ್ಯಕ್ರಮಕ್ಕೆ ಬಂದರೆ ಊಟಕ್ಕೆ ಮೊದಲೇ ಎದ್ದು ಹೋಗುವಳು. ಆಮೇಲೆ ಬರುವುದನ್ನೇ ಬಿಟ್ಟಳು. ರವಿಕೆಗಳಿಗೆ ಎರಡು ಸಲ ಹೊಲಿಗೆ ಹಾಕಿಸಿ ಬಿಗಿ ಮಾಡಿಕೊಂಡಳು. ಬಡ್ತಿ ಪರೀಕ್ಷೆ ಮತ್ತೆ ಬಂದಾಗ ಅರ್ಜಿಯನ್ನೇ ಹಾಕಲಿಲ್ಲ — ಮೂರು ಗಂಟೆ ಒಂದೇ ಕಡೆ ಕೂರುವ ಧೈರ್ಯ ಉಳಿದಿರಲಿಲ್ಲ. ಅವಳ ಮಗಳು ರೇಗುತ್ತಿದ್ದಳು, ಹಿಂದಿಯಲ್ಲಿ: 'ಮಮ್ಮೀ, ಕುಛ್ ತೋ ಖಾವೋ!' — ಏನಾದರೂ ತಿನ್ನು ಎಂದು. ನಾನು ಎದುರಿಗೆ ಕುಳಿತು ಚಹಾ ಕುಡಿಯುತ್ತ ಅದನ್ನೆಲ್ಲ ನೋಡಿದೆ. ಇನ್‌ಚಾರ್ಜ್ ಆದೆ. ಎರಡು ವರ್ಷದ ನಂತರ ಆ ಕೆಲಸ ಬಿಟ್ಟೆ — ಪಶ್ಚಾತ್ತಾಪದಿಂದ ಅಂತ ತಿಳಿಯಬೇಡಿ, ಮೊಣಕಾಲು ನೋವಿನಿಂದ.

ಹೋದ ವರ್ಷ ಅವಳ ತೂಕ ತೀರಾ ಇಳಿದು, ಕಚೇರಿಯಲ್ಲಿ ಒಮ್ಮೆ ತಲೆತಿರುಗಿ ಬಿದ್ದಳು. ಯಾರೋ ಠಾಣೆಯ ಮಾಜಿವಾಡಾದ ಒಬ್ಬ ಡಾಕ್ಟರಮ್ಮನ ಹೆಸರು ಕೊಟ್ಟರು. ಮೊದಲ ಭೇಟಿ ಮುಗಿಸಿ ಬಂದ ವನಜ ನನ್ನ ಮನೆ ಬಾಗಿಲು ತಟ್ಟಿದಳು. 'ಆಕೆ ನನಗೆ ಕೋಳಿ ತಿನ್ನು ಅಂತಿದ್ದಾಳೆ ಮಾರಾಯ್ತಿ. ನಂಗೆ ಆಗುದಿಲ್ಲ ಅಂದ್ರೆ ಕೇಳುದೇ ಇಲ್ಲ. ನೀನೊಮ್ಮೆ ನನ್ನ ಜೊತೆ ಬಾ. ನಿಮ್ಮ ಮನೆಯಲ್ಲಿ ಅದನ್ನೇ ತಿಂದದ್ದು, ನಿಮಗ್ಯಾರಿಗೂ ಏನೂ ಆಗದ್ದು — ಎಲ್ಲ ನೀನೇ ಹೇಳು. ಆಗ ನಂಬ್ತಾಳೆ.'

ನನ್ನನ್ನೇ ಸಾಕ್ಷಿಗೆ ಕರೆದಳು. ಇಲ್ಲ ಅನ್ನಲು ನೆಪ ಸಿಗಲಿಲ್ಲ. ಹೋದೆ.

ಡಾಕ್ಟರಮ್ಮ ನನಗಿಂತ ಚಿಕ್ಕವಳು, ಮರಾಠಿಯವಳು. ವನಜ ಆ ಶನಿವಾರದ ಕೋಳಿಯಿಂದ ಹಿಡಿದು ತಾನು ಏನೇನು ಬಿಟ್ಟಿದ್ದೇನೆಂದು ಹೇಳುತ್ತಿದ್ದಂತೆ ಬರೆದುಕೊಳ್ಳುತ್ತ ಹೋದಳು. ಆ ಪಟ್ಟಿ ಉದ್ದವಾಗುತ್ತಾ ಹೋಯಿತು. ಆಮೇಲೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿ ಹಿಂದಿಯಲ್ಲಿ ಕೇಳಿದಳು: 'ನೀವು ತಿಂದಿದ್ದಿರಾ? ಅದೇ ಕೋಳಿಯನ್ನು?'

ವನಜ ನನ್ನ ಕಡೆ ತಿರುಗಿ, ಹೇಳು ಎಂಬಂತೆ ಗಲ್ಲ ಎತ್ತಿದಳು. ಆ ಗಲ್ಲದ ಕೆಳಗೆ ಚರ್ಮ ಜೋತಿತ್ತು. ಮೊದಲು ಅಲ್ಲಿ ತುಂಬಿಕೊಂಡಿತ್ತು...

'ಇಲ್ಲ' ಅಂದೆ.

ಹಿಂದಿಯಲ್ಲಿ ಶುರುಮಾಡಿ, ಅರ್ಧದಲ್ಲೇ ತುಳುವಿಗೆ ಬಂದೆ, ಕೇಳಬೇಕಾದವಳು ಡಾಕ್ಟರಲ್ಲವಲ್ಲ. ಮೋಟಾರು, ಗುಲಾಬಿ ನೀರು, ಲೇಬಲ್, ಹುಳಿ ವಾಸನೆ — ಒಂದನ್ನೂ ಬಿಡದೆ ಹೇಳಿದೆ. 'ಅದು ಕೆಟ್ಟ ಕೋಳಿ ವನಜ. ನನಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ. ನಮ್ಮ ಮನೆಯಲ್ಲಿ ಅವತ್ತು ಬೇಳೆ ಸಾರು.'

ಅವಳು ಅಳಲಿಲ್ಲ, ಬೈಯಲೂ ಇಲ್ಲ. ನನ್ನನ್ನು ನೋಡದೆ, ಕೆಟ್ಟ ಕೋಳಿಯ ಮಾತನ್ನು ಹಿಂದಿಯಲ್ಲಿ ಡಾಕ್ಟರಿಗೆ ತಿಳಿಸಿ ಕೇಳಿದಳು: 'ಹಾಗಾದರೆ ಅದು ನನ್ನ ಹೊಟ್ಟೆಯಿಂದ ಆದದ್ದಲ್ಲವಾ?'

'ನಿಮ್ಮ ಕರುಳು ಸೂಕ್ಷ್ಮ ಇರುವುದು ನಿಜ. ಅದಕ್ಕೆ ಜಾಗ್ರತೆ ಬೇಕು' ಅಂದಳು ಆಕೆ. 'ಆದರೆ ಕೆಟ್ಟ ಮಾಂಸವನ್ನು ಎಷ್ಟು ಬೇಯಿಸಿದರೂ ಕೆಲವು ವಿಷ ಉಳಿದುಬಿಡುತ್ತದೆ. ಅದನ್ನು ನಾನು ತಿಂದಿದ್ದರೂ ಮಲಗುತ್ತಿದ್ದೆ.'

ವನಜ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಉಸಿರು ಬಿಟ್ಟಳು — ಅಷ್ಟು ಉದ್ದದ ಉಸಿರನ್ನು ನಾನು ಯಾರಲ್ಲೂ ಕೇಳಿಲ್ಲ. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ನಿರಾಳ. ಅದನ್ನು ನೋಡಿ ನನಗೂ ಎದೆ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯೂ ಆಯಿತು.

ಸಿಟ್ಟು ಕೆಳಗೆ ಬಸ್ ಸ್ಟಾಪಿನಲ್ಲಿ ಬಂತು. 'ಪರೀಕ್ಷೆ ಹೋಯ್ತು, ಇರಲಿ' ಅಂದಳು. 'ಐದು ವರ್ಷ ನಾನು ನನ್ನ ದೇಹವನ್ನೇ ಬೈದೆ ಸರೋಜ. ಕನ್ನಡಿ ಮುಂದೆ ನಿಂತು ಬೈದೆ. ನೀನು ಕೂತು ಚಹಾ ಕುಡಿದೆ.' ಬಂದ ಬಸ್ಸಿಗೆ ಅವಳೊಬ್ಬಳೇ ಹತ್ತಿದಳು. ನಾನು ಮುಂದಿನದಕ್ಕೆ ಕಾದೆ.

ಒಂದೂವರೆ ತಿಂಗಳು ಮಾತಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಮೊಬೈಲ್ ನೋಡುವಳು. ಮೇಲೆ ಹೋಗಿ ಕಾಲು ಹಿಡಿಯಲೇ ಅಂದುಕೊಂಡೆ, ಹೋಗಲಿಲ್ಲ. ಕ್ಷಮಿಸು ಎಂದು ಒತ್ತಾಯಿಸುವುದೂ ಅವಳ ಮೇಲೆ ಇನ್ನೊಂದು ಭಾರ ಹೇರಿದಂತೆ.

ಒಂದು ಭಾನುವಾರ ಬೆಳಿಗ್ಗೆ ಅವಳೇ ಬಂದಳು. ಕೈಯಲ್ಲಿ ಬಟ್ಟೆಯ ಚೀಲ. ಒಳಗೆ ಬರಲಿಲ್ಲ. 'ಕೋಳಿ ನೋಡುವುದು ಹೇಗೆ ಅಂತ ಕಲಿಸು. ನಿನ್ನ ಕೈಯಿಂದ ತರಿಸುವುದಿಲ್ಲ ಇನ್ನು. ನಾನೇ ನೋಡಿ ತರ್ತೇನೆ.'

ಕಲ್ಯಾಣ ರಸ್ತೆಯ ಒಂದು ಸೂಪರ್ ಮಾರ್ಕೆಟ್ಟಿಗೆ ಹೋದೆವು. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಪ್ಯಾಕೆಟ್ಟಿಗೆ ಬೆರಳು ಒತ್ತಿದರೆ ಬೆರಳು ಚಳಿಗೆ ಜುಮ್ಮೆನ್ನಬೇಕು. ಟ್ರೇಯನ್ನು ಓರೆ ಮಾಡಿದರೆ ನೀರು ಹರಿಯಬಾರದು. ತಾರೀಕಿನ ಲೇಬಲ್ಲಿನ ಅಂಚನ್ನು ಉಗುರಿನಿಂದ ಸವರಿ ನೋಡು — ಕೆಳಗೆ ಇನ್ನೊಂದು ಲೇಬಲ್ಲಿನ ಅಂಟು ಸಿಕ್ಕಿದರೆ ಇಟ್ಟುಬಿಡು. ಮಸಾಲೆ ಹಚ್ಚಿಟ್ಟದ್ದು ಬೇಡವೇ ಬೇಡ, ಮಸಾಲೆ ವಾಸನೆ ಮುಚ್ಚುತ್ತದೆ. ಮಾಂಸವನ್ನು ಕೊನೆಗೆ ಕೊಳ್ಳು, ನೆಟ್ಟಗೆ ಮನೆಗೆ ಹೋಗು. ಮನೆಗೆ ಹೋಗಿ ಪ್ಯಾಕೆಟ್ ಬಿಚ್ಚಿದ ಮೇಲೆ ಮೂಗಿಗೆ ಅನುಮಾನ ಬಂದರೆ ಮೂಗನ್ನೇ ನಂಬು, ಕೌಂಟರಿನವರನ್ನಲ್ಲ.

ಕೊನೆಯ ಮಾತಿಗೆ ಅವಳು ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಲಿಲ್ಲ. ಮೂರು ಪ್ಯಾಕೆಟ್ ತಿರಸ್ಕರಿಸಿ ನಾಲ್ಕನೆಯದನ್ನು ಚೀಲಕ್ಕೆ ಹಾಕಿದಳು.

ಮರುದಿನ ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. ಹಿಂದೆ ಪ್ಲಾಟ್‌ಫಾರ್ಮಿನ ಗದ್ದಲ. 'ಎರಡು ತುಂಡು ತಿಂದೆ' ಅಂದಳು. 'ಏನೂ ಆಗಿಲ್ಲ.' 'ಗಾಡಿ ಬಂತು' ಎಂದು ಫೋನ್ ಇಟ್ಟಳು. ಐದು ವರ್ಷದಲ್ಲಿ ಮೊದಲ ಸಲ ಅವಳ ಮಾತು ನನ್ನ ಎದೆಗೆ ಚುಚ್ಚದೆ ಒಳಗೆ ಹೋಗಿತ್ತು.

ಈಗ ಅವಳ ತಟ್ಟೆಯಲ್ಲಿ ಮೊಟ್ಟೆ ಇದೆ, ಕೋಳಿ ಇದೆ, ಕೆಲವೊಮ್ಮೆ ಮೀನೂ. ಕೆಲವು ದಿನ ಹೊಟ್ಟೆ ಕೆಡುತ್ತದೆ, ಸರಿಯಾಗುತ್ತದೆ. ಈ ಸಲದ ಪರೀಕ್ಷೆಗೆ ಅರ್ಜಿ ಹಾಕಿದ್ದಾಳೆ. ನನ್ನೊಡನೆ ಮಾತಾಡುತ್ತಾಳೆ, ಮೊದಲಿನಷ್ಟಲ್ಲ. ನಾನು ಕೊಟ್ಟ ಚಹಾ ಕುಡಿಯುತ್ತಾಳೆ, ತಿಂಡಿ ಮುಟ್ಟುವುದಿಲ್ಲ. ಅದು ಹಾಗೇ ಇರಲಿ. ತಿನ್ನಲು ನಾನು ಒತ್ತಾಯಿಸುವುದಿಲ್ಲ.

ಆದರೆ ಆ ಶನಿವಾರ ಗಾಜಿನ ಮುಂದೆ ನಿಂತವಳು ವನಜ ಒಬ್ಬಳೇ ಅಲ್ಲ. ಸಂಜೆಯೊಳಗೆ ಟ್ರೇಗಳೆಲ್ಲ ಖಾಲಿಯಾಗಿದ್ದವು. ಘೋಡಬಂದರ್ ರಸ್ತೆಯ ಯಾವ ಯಾವ ಮನೆಗೆ ಹೋದವೋ ನನಗೆ ತಿಳಿಯದು. ಅವರ ಹೆಸರು ಗೊತ್ತಿಲ್ಲ, ಬಾಗಿಲು ಗೊತ್ತಿಲ್ಲ. ಅದಕ್ಕೇ ಇದನ್ನು ಬರೆದೆ. ಅಂದು ನನ್ನ ಕೈಯಿಂದ ಕೊಂಡವರು, ಕೊಂಡು ತಿಂದು ಮಲಗಿದವರು, ಅಂದಿನಿಂದ ಏನನ್ನೋ ತಿನ್ನಲು ಹೆದರುತ್ತಿರುವವರು ನೀವಾಗಿದ್ದರೆ — ನಿಮ್ಮ ಹೊಟ್ಟೆ ಯಾವ ತಪ್ಪನ್ನೂ ಮಾಡಿರಲಿಲ್ಲ. ಮಾಡಿದವಳು ನಾನು.