ಕೊನೆಯವರು ಹೊರಬರುವ ತನಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಸರ್ವರ್ ಕೋಣೆಗೆ ಅಂಟಿಕೊಂಡ ಪುಟ್ಟ ಕೊಠಡಿಯಲ್ಲಿ ಶಾಲು ಹೊದ್ದ ಹೆಂಗಸೊಬ್ಬರು ಫೋನ್ ಹಿಡಿದಿದ್ದಾರೆ.

"ಸಿಸ್ಟರ್, ಇನ್ನೂ ಸಿಸ್ಟಮ್ ಒಳಗೇ ಇದೀರಲ್ಲ, ಏನಾದ್ರೂ ತುಂಬ್ತಾ ಇದೀರಾ?"

"ಮಕ್ಕಳ ವಾರ್ಡಿನ ಔಷಧಿ ಕಣಮ್ಮಾ. ಅರ್ಧ ಆಗಿತ್ತು, ಅಷ್ಟರಲ್ಲಿ ಒಂದು ಮಗು ಎದ್ದು ರಂಪ ಶುರು ಮಾಡ್ತು."

"ನಿಧಾನಕ್ಕೆ ಮುಗಿಸಿ. ಕಾಯ್ತೀನಿ."

ಆಸ್ಪತ್ರೆಯಲ್ಲಿ ಎಲ್ಲರಿಗೂ ಈ ಶಾಲಿನವರು ಬರೀ 'ಅಕ್ಕ'. ಪ್ರೋಗ್ರಾಂ ಬರೆಯುವವರು ಬೇರೆ. ಅವರು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದುಕೊಟ್ಟ ತುಣುಕುಗಳನ್ನು, ಇಡೀ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಉತ್ತರ ಕೊಡುವ ಅಪ್ಲಿಕೇಶನ್ ಸರ್ವರಿನಲ್ಲಿ ಕೂರಿಸಿ ಓಡಿಸುವುದು ಅಕ್ಕನ ಕೆಲಸ. ಇಲ್ಲಿ ಹಳೆಯದನ್ನು ಇಳಿಸಿದರೇ ಹೊಸದು ಏರುವುದು. ಇಳಿಸುವಾಗ ಯಾರಾದರೂ ಒಳಗಿದ್ದರೆ, ಅವರು ಅರ್ಧ ತುಂಬಿದ್ದೆಲ್ಲ ಮಾಯ.

ಹನ್ನೊಂದು ವರ್ಷವಾದರೂ ಮನೆಯಲ್ಲಿ ಅತ್ತೆಗೆ ಈ ಕೆಲಸ ತಲೆಗೆ ಹತ್ತಿಲ್ಲ. "ಬರೆಯೋರು ಅವರು, ಬಳಸೋರು ಇವರು, ಮಧ್ಯ ನಿಂದೇನೇ?"

"ಅಡುಗೆ ಅವರದ್ದು ಅತ್ತೆ, ಬಡಿಸೋದು ನನ್ನದು."

"ಹಾಗಾದ್ರೆ ಉಪ್ಪು ಕಮ್ಮಿಯಾದ್ರೆ ಬೈಸಿಕೊಳ್ಳೋದು ನೀನೇ ಅನ್ನು!"

ಅತ್ತೆಯ ಲೆಕ್ಕ ತಪ್ಪಿಲ್ಲ.

ಇಂದಿನ ಹೊಸ ತುಣುಕು, ಮಗುವಿನ ತೂಕಕ್ಕೆ ಔಷಧಿ ಜಾಸ್ತಿಯಾದರೆ ತಕ್ಷಣ ಎಚ್ಚರಿಸುತ್ತದೆ. ಎಂಟಕ್ಕೆ ಔಷಧಿ ಕೌಂಟರ್ ತೆರೆದು ಎಲ್ಲರೂ ಸಿಸ್ಟಮ್ ಒಳಗೆ ಬರುವುದರೊಳಗೆ ಏರದಿದ್ದರೆ, ಆ ಎಚ್ಚರಿಕೆಯಿಲ್ಲದೆ ಇನ್ನೊಂದು ದಿನ ಹೋಗುತ್ತದೆ. ಹಾಗಂತ ಈಗಲೇ ಹಳೆಯದನ್ನು ಇಳಿಸಿದರೆ ನಿದ್ದೆಗೆಟ್ಟ ಸಿಸ್ಟರ್ ಎಲ್ಲವನ್ನೂ ಮೊದಲಿಂದ ತುಂಬಬೇಕು. ನಿದ್ದೆಗಣ್ಣಲ್ಲಿ ಒಂದು ಸೊನ್ನೆ ಹೆಚ್ಚು ಬಿದ್ದರೆ?

ಏಳೂಕಾಲಿಗೆ ಮೇಲಧಿಕಾರಿಯ ಫೋನು. "ಏನಮ್ಮಾ, ಒಬ್ಬ ನರ್ಸಿಗೋಸ್ಕರ ಇಡೀ ಆಸ್ಪತ್ರೆ ಕಾಯ್ಬೇಕಾ?"

"ಇಡೀ ಆಸ್ಪತ್ರೆ ಇನ್ನೂ ಮಲಗಿದೆ ಸಾರ್. ಎದ್ದಿರೋದು ಅವರೊಬ್ಬರೇ."

ಅತ್ತ ಕಡೆಯವರು ಗೊಣಗುತ್ತಾ ಫೋನ್ ಇಡುತ್ತಾರೆ. ಏಳೂವರೆ ದಾಟಿದ ಮೇಲೆ ವಾರ್ಡಿನಿಂದ ಕರೆ: "ಮುಗೀತು ತಾಯಿ, ಈಗ ಏನ್ ಬೇಕಾದ್ರೂ ಮಾಡ್ಕೋ."

ಅಕ್ಕ ಹಳೆಯದನ್ನು ಇಳಿಸಿ ಹೊಸದನ್ನು ಏರಿಸುತ್ತಾರೆ. ಪರದೆಯ ಮೇಲೆ ಕೆಂಪು ಸಾಲು! ಹೊಸ ತುಣುಕು ಔಷಧಿಗಳ ಡೇಟಾಬೇಸನ್ನು ಬೇರೆಯದೇ ಹೆಸರಿಟ್ಟು ಕೇಳುತ್ತಿದೆ. ಆ ಹೆಸರಿನವರು ಯಾರೆಂದು ಸರ್ವರ್‌ಗೆ ಗೊತ್ತಿಲ್ಲ. "ಬರೆದೋರು ಹೆಸರು ಬದಲಾಯಿಸಿದಾರೆ, ಹೇಳೋದು ಮರೆತಿದಾರೆ. ಆಗುತ್ತೆ ಬಿಡಿ," ಎನ್ನುತ್ತಲೇ ಸರ್ವರ್‌ಗೆ ಹೊಸ ಹೆಸರನ್ನು ಪರಿಚಯಿಸಿ, ಮತ್ತೆ ಏರಿಸುತ್ತಾರೆ. ಈ ಸಲ ಕೆಂಪಿಲ್ಲ. ಇಲ್ಲದ ಮಗುವೊಂದನ್ನು ಸೃಷ್ಟಿಸಿ ಬೇಕೆಂದೇ ಔಷಧಿ ಜಾಸ್ತಿ ಬರೆಯುತ್ತಾರೆ. ಎಚ್ಚರಿಕೆ ಟಣ್ಣನೆ ಮೂಡುತ್ತದೆ. ಅಷ್ಟರಲ್ಲಿ ಹೊರಗೆ ಔಷಧಿ ಕೌಂಟರಿನ ಷಟರ್ ಏಳುವ ಸದ್ದು.

ಈ ಕೆಲಸದಲ್ಲಿ ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಅಕ್ಕ ಶಾಲು ಮಡಚುತ್ತಾ ಯೋಚಿಸುತ್ತಾರೆ. "ಅರ್ಧ ತುಂಬಿದ್ದು ಹಾಗೇ ಉಳಿಯೋ ಥರ ಬರೆದುಕೊಟ್ಟುಬಿಟ್ರೆ ಸಾಕು. ಆಮೇಲೆ ನಾನು ಯಾರಿಗೂ ಫೋನ್ ಮಾಡೋದೇ ಬೇಡ." ಬಾಗಿಲವರೆಗೆ ಹೋದವರು ತಿರುಗಿ ನಗುತ್ತಾರೆ. "ಆದ್ರೂ ಮಾಡ್ತೀನಿ ಬಿಡಿ. ರಾತ್ರಿಯೆಲ್ಲ ಒಬ್ಬರೇ ಎದ್ದಿರ್ತಾರೆ, ಯಾರಾದ್ರೂ ಮಾತಾಡಿಸ್ಬೇಕಲ್ವಾ?"