ಕಪ್ಪೆ ಗಾಡಿಗೆ ಸುರಿದ ತೆಳು ಆಯಿಲು

ಬೆಳಿಗ್ಗೆ ಆರು ನಲವತ್ತಕ್ಕೆ ನಾನು ನಿಂತಿದ್ದುದು ಗುಡ್ಡದ ದಾರಿಯ ಎರಡನೇ ತಿರುವಿನಲ್ಲಿ. ದಾರಿಯ ಎಡಗಡೆ, ಒಂದು ಹಾಸುಬಂಡೆಯ ಮೇಲೆ, ಇಳಿಜಾರಿನ ಕಡೆಗೆ ಮುಖ ಮಾಡಿ. ಗಂಟೆ ಇಷ್ಟೇ ಎಂದು ಹೇಳಲು ಕಾರಣವಿದೆ. ವಿಡಿಯೋ ತೆಗೆಯೋಣವೆಂದು ಫೋನ್ ಕೈಗೆ ತೆಗೆದುಕೊಂಡಿದ್ದೆ. ತೆಗೆಯಲಿಲ್ಲ, ಆದರೆ ಗಂಟೆ ಕಣ್ಣಿಗೆ ಬಿತ್ತು. ನನ್ನಿಂದ ಗಾಡಿ ಇದ್ದ ಜಾಗಕ್ಕೆ ಹನ್ನೆರಡು ಹೆಜ್ಜೆ. ಇದನ್ನು ಆಮೇಲೆ ಒಂದು ದಿನ ಹೋಗಿ ಅಳೆದಿದ್ದೇನೆ.

ಅಲ್ಲಿಗೆ ಹೇಗೆ ಬಂದೆ ಎಂಬುದನ್ನು ಮೊದಲಿನಿಂದ ಬರೆಯುತ್ತೇನೆ. ಸರಿಯಾಗಿ ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಬರೆಯುತ್ತೇನೆ.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನನ್ನ ಮನೆ. ಅಂತರಸನಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಆಯಿಲು, ಗ್ರೀಸಿನ ಅಂಗಡಿ ಇಟ್ಟಿದ್ದೇನೆ. ನನ್ನ ಅಕ್ಕನ ಮಗಳು ಮಂಜುಳಾ, ಅವಳ ಗಂಡ ಲೋಕೇಶ ಕುಣಿಗಲ್ಲಿನಾಚೆ ಒಂದು ಗುಡ್ಡದ ಬುಡದಲ್ಲಿ ನಾಲ್ಕು ಡೇರೆ ಹಾಕಿಕೊಂಡು, ಬೆಂಗಳೂರಿನಿಂದ ಬರುವವರನ್ನು ಒಂದು ರಾತ್ರಿ ಇರಿಸಿಕೊಂಡು ಕಳಿಸುತ್ತಾರೆ. ಬಂದವರಿಗೆ ಮುಖ್ಯ ಆಕರ್ಷಣೆ ಎ.ಟಿ.ವಿ. ಎಂಬ ಒಂದು ಗಾಡಿ. ಬೈಕಿನ ಎಂಜಿನ್ನು, ಬೈಕಿನ ಹ್ಯಾಂಡಲ್ಲು, ನಾಲ್ಕು ದಪ್ಪ ಚಕ್ರ. ಕಲ್ಲು ಮಣ್ಣು ಯಾವುದರ ಮೇಲೂ ಹತ್ತುತ್ತದೆ. ಕುಳಿತ ಹಾಗೆ ಕಾಣುತ್ತದೆಂದು ಅಲ್ಲಿಯವರು ಅದನ್ನು ಕಪ್ಪೆ ಗಾಡಿ ಎನ್ನುತ್ತಾರೆ.

ಸಂಕ್ರಾಂತಿಗೆ ಇನ್ನು ಐದು ದಿನ ಇತ್ತು. ಮಂಜುಳಾ ಫೋನ್ ಮಾಡಿದಳು.

"ಮಾವ, ಕಪ್ಪೆ ಬೆಳಿಗ್ಗೆ ಹೊತ್ತು ಏಳ್ತಾನೇ ಇಲ್ಲ. ಸೆಲ್ಫು ಕುಯ್ಯೋ ಅಂತದೆ, ಅಷ್ಟೇ. ಬಿಸಿಲು ಬಂದ್ಮೇಲೆ ಸ್ಟಾರ್ಟ್ ಆಗ್ತದೆ. ಜನ ಬರೋದೇ ಮಂಜು ನೋಡಕ್ಕೆ. ಬಿಸಿಲಲ್ಲಿ ಹತ್ತಿಸಿ ಏನ್ ತೋರ್ಸನ? ಶನಿವಾರ ಎಂಟು ಗಂಟೆಗೆ ಮೇಷ್ಟ್ರುಗಳು ಹನ್ನೆರಡು ಜನ ಬತ್ತವ್ರೆ."

ಒಳಗಿರುವುದು ಯಾವ ಆಯಿಲು ಎಂದು ಕೇಳಿದೆ. ಇಪ್ಪತ್ತು–ಐವತ್ತು ಎಂದಳು. ಬೇಸಿಗೆಗೆ ಸರಿಯಾದ ದಪ್ಪ ಆಯಿಲು. ಚಳಿಗೆ ಅದು ಇನ್ನೂ ದಪ್ಪವಾಗುತ್ತದೆ, ಎಂಜಿನ್ನು ತಿರುಗಲು ಒದ್ದಾಡುತ್ತದೆ. ಡಬ್ಬದ ಮೇಲಿನ ಮೊದಲ ಸಂಖ್ಯೆ ಚಳಿಯದು. ಅದು ಕಡಿಮೆ ಇದ್ದಷ್ಟೂ ಆಯಿಲು ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ. ಇಷ್ಟು ನನಗೆ ಗೊತ್ತಿತ್ತು. ಇಷ್ಟೇ ಗೊತ್ತಿತ್ತು ಎಂಬುದು ಆಗ ಗೊತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ಹೊರಟೆ. ಅಂಗಡಿಯಲ್ಲಿ ಬೈಕಿನ ಹತ್ತು–ನಲವತ್ತು ಮುಗಿದಿತ್ತು. ಕಾರಿನ ಐದು–ಮೂವತ್ತು ಇತ್ತು. ಐದು, ಹತ್ತಕ್ಕಿಂತ ಕಡಿಮೆ, ಇನ್ನೂ ಒಳ್ಳೆಯದೇ ಆಯಿತು ಎಂದುಕೊಂಡು ಎರಡು ಡಬ್ಬ ಚೀಲಕ್ಕೆ ಹಾಕಿಕೊಂಡೆ. ಬಸ್ಸಿನಲ್ಲಿ ಮೂವತ್ತು ರೂಪಾಯಿ ಕೊಟ್ಟು ಗುಬ್ಬಿಗೆ ಹೋದೆ. ಕುಣಿಗಲ್ಲಿಗೆ ಅದು ಸುತ್ತು. ಆದರೆ ನನಗೆ ಖಲೀಲ್ ಭಾಯ್ ಬೇಕಾಗಿತ್ತು. ಗುಬ್ಬಿಯಲ್ಲಿ ಅವರದು ಬೈಕ್ ರಿಪೇರಿ ಶೆಡ್ಡು. ಕಪ್ಪೆ ಗಾಡಿಯ ಎಂಜಿನ್ನನ್ನು ಒಂದು ಸಲ ಬಿಚ್ಚಿ ಕಟ್ಟಿದವರು ಅವರೊಬ್ಬರೇ.

ಶೆಡ್ಡಿನ ಮುಂದೆ ಇಬ್ಬರೂ ಚಹಾ ಕುಡಿದೆವು. ಅವರು ನನ್ನ ಚೀಲದಿಂದ ಡಬ್ಬ ತೆಗೆದು ಮುಂದೆ ನೋಡಿದರು, ಹಿಂದೆ ತಿರುಗಿಸಿ ಓದಿದರು.

"ಶಿವಣ್ಣ, ಇದು ಕಾರಿನ್ದು."

"ಆಯಿಲು ಆಯಿಲೇ ಅಲ್ವಾ ಭಾಯ್?"

"ಅಲ್ಲ ಅಣ್ಣ. ಕಾರಲ್ಲಿ ಕ್ಲಚ್ಚು ಒಣಗಿರ್ತದೆ, ಬೇರೆ ಮನೇಲಿರ್ತದೆ. ಬೈಕಲ್ಲಿ ಕ್ಲಚ್ ಪ್ಲೇಟುಗಳು ಇದೇ ಆಯಿಲಲ್ಲಿ ಮುಳುಗಿರ್ತವೆ. ಕಾರಿನ ಆಯಿಲಿಗೆ ಜಾರೋ ಮದ್ದು ಹಾಕಿರ್ತಾರೆ, ಮೈಲೇಜಿಗೆ. ಪ್ಲೇಟು ಒಂದಕ್ಕೊಂದು ಕಚ್ಕೊಳಲ್ಲ, ಎಂಜಿನ್ ತಿರುಗಿದ್ರೂ ಚಕ್ರಕ್ಕೆ ಶಕ್ತಿ ಹೋಗಲ್ಲ. ಬೈಕಿನ ಡಬ್ಬದ ಹಿಂದೆ ಎಂ.ಎ. ಅಂತ ಎರಡಕ್ಷರ ಇರ್ತದೆ, ನೋಡಿ. ಇದ್ರಲ್ಲಿಲ್ಲ."

"ಇದು ಹೊಸ ಮಾಲು ಭಾಯ್," ಎಂದೆ. ಹೊಸ ಮಾಲಾಗಿದ್ದರಿಂದ ಏನಾಗುತ್ತದೆ ಎಂದು ಅವರು ಕೇಳಲಿಲ್ಲ. 

"ಮೊದ್ಲು ಬ್ಯಾಟರಿ ನೋಡನ," ಎಂದು ಅವರು ಎದ್ದರು. "ಕುಣಿಗಲ್ಲಲ್ಲಿ ಒಂದು ಅಂಗಡಿ ಐತೆ. ಹತ್ತು–ನಲವತ್ತು ಅಲ್ಲಿ ಸಿಗ್ತದೆ."

ಅವರ ಹಳೇ ವ್ಯಾನಿನಲ್ಲಿ ಒಳದಾರಿ ಹಿಡಿದು ಹೆಬ್ಬೂರಿಗೆ ಬಂದು, ಅಲ್ಲಿಂದ ಕುಣಿಗಲ್ ರಸ್ತೆ ಸೇರಿದೆವು. ರಾಗಿ ಕೊಯ್ದ ಹೊಲಗಳಲ್ಲಿ ಮೆದೆ ಒಟ್ಟಿದ್ದರು. ಐದೂಮುಕ್ಕಾಲಿಗೆ ಕುಣಿಗಲ್. ಬಸ್ ನಿಲ್ದಾಣ ದಾಟಿದ ಮೇಲೆ ಬಲಗಡೆ ಆ ಅಂಗಡಿ. ಬಾಗಿಲು ತೆರೆದಿತ್ತು, ಲೈಟು ಹಾಕಿದ್ದರು. ಖಲೀಲ್ ಭಾಯ್ ವ್ಯಾನು ನಿಧಾನ ಮಾಡಿ ನನ್ನ ಮುಖ ನೋಡಿದರು.

"ನಡೀರಿ ಭಾಯ್. ನನ್ ಹತ್ರಾನೇ ಇದ್ಯಲ್ಲ," ಎಂದೆ.

ಇಪ್ಪತ್ತೆರಡು ವರ್ಷ ಆಯಿಲು ಮಾರಿದವನು ಇನ್ನೊಬ್ಬನ ಅಂಗಡಿ ಮೆಟ್ಟಿಲು ಹತ್ತಿ ಒಂದು ಲೀಟರ್ ಆಯಿಲು ಕೇಳುವುದೇ ಎಂಬುದಷ್ಟೇ ನನ್ನ ಮನಸ್ಸಿನಲ್ಲಿದ್ದುದು. ವ್ಯಾನು ಮುಂದೆ ಹೋಯಿತು.

ಡೇರೆಗಳ ಹತ್ತಿರ ತಲುಪಿದಾಗ ಕತ್ತಲಾಗುತ್ತಿತ್ತು. ಲೋಕೇಶ ಓಡಿ ಬಂದು ಚೀಲ ಇಸಿದುಕೊಂಡ. ಮೂವತ್ತೆರಡು ವರ್ಷದ, ಸದಾ ನಗುವ ಹುಡುಗ.

"ಬನ್ನಿ ಮಾವ. ಕಪ್ಪೆಗೂ ನಿಮ್ ಸೊಸೆಗೂ ಒಂದೇ ಕಾಯಿಲೆ. ಚಳೀಲಿ ಇಬ್ರೂ ಏಳಲ್ಲ."

"ಐದಕ್ಕೆ ಎದ್ದು ಒಲೆ ಹಚ್ಚೋಳು ನಾನು," ಎಂದಳು ಮಂಜುಳಾ ಅಡಿಗೆ ಚಪ್ಪರದಿಂದ. "ಇವ್ರನ್ನ ಏಳ್ಸಕ್ಕೆ ಯಾವ ಆಯಿಲ್ ಐತೆ ಮಾವ ನಿಮ್ಮಂಗ್ಡೀಲಿ?"

ಖಲೀಲ್ ಭಾಯ್ ಬ್ಯಾಟರಿಯ ತುದಿಗಳನ್ನು ಉಜ್ಜಿ ಶುಚಿ ಮಾಡಿದರು. ಗಾಡಿಯನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಹಳೇ ಆಯಿಲನ್ನು ಒಂದು ಬೋಗುಣಿಗೆ ಇಳಿಸಿದರು. ಕರ್ರಗೆ, ಕಾಕಂಬಿಯ ಹಾಗಿತ್ತು. ರಾತ್ರಿ ಪೂರಾ ಸೋರಲಿ ಎಂದು ಬಿಟ್ಟರು. ಅವರೆಕಾಳಿನ ಸಾರು, ಮುದ್ದೆ ಉಂಡೆವು. ಊಟದ ನಂತರ ನಾನು ಒಂದು ಕೆಲಸ ಮಾಡಿದೆ. ಈ ಕಥೆಯಲ್ಲಿ ತಪ್ಪು ಎಲ್ಲಿ ಗಟ್ಟಿಯಾಯಿತು ಎಂದು ಕೇಳಿದರೆ ಇಲ್ಲಿ ಎನ್ನುತ್ತೇನೆ.

ನಮ್ಮದು ತೆಂಗಿನ ಸೀಮೆ. ಚಳಿಗಾಲ ಬಂತೆಂದು ನಮಗೆ ಮೊದಲು ಹೇಳುವುದು ಬಚ್ಚಲ ಗೂಡಿನಲ್ಲಿರುವ ಕೊಬ್ಬರಿ ಎಣ್ಣೆ ಬಾಟಲಿ. ಎಣ್ಣೆ ಗಟ್ಟಿಯಾಯಿತೇ, ಚಳಿ ಬಂತು. ಯಾವ ಎಣ್ಣೆ ನೋಡಿದರೂ ನಮ್ಮ ಮನಸ್ಸು ಅದನ್ನೇ ಕೇಳುತ್ತದೆ: ಗಟ್ಟಿಯಾಗುತ್ತದೋ, ಇಲ್ಲವೋ. ನಾನು ಮೂರು ಲೋಟ ತರಿಸಿದೆ. ಒಂದಕ್ಕೆ ಕೊಬ್ಬರಿ ಎಣ್ಣೆ, ಒಂದಕ್ಕೆ ಮಂಜುಳಾಳ ಹತ್ತಿರ ಉಳಿದಿದ್ದ ಇಪ್ಪತ್ತು–ಐವತ್ತು, ಒಂದಕ್ಕೆ ನನ್ನ ಐದು–ಮೂವತ್ತು ಹಾಕಿ, ಚಪ್ಪರದ ಮೋಟುಗೋಡೆಯ ಮೇಲೆ ಸಾಲಾಗಿ ಇಟ್ಟೆ.

ಬೆಳಿಗ್ಗೆ ಐದೂವರೆಗೆ ಎಲ್ಲರೂ ಗೋಡೆಯ ಹತ್ತಿರ ಸೇರಿದೆವು. ಬಂದವರಿಗೆ ತೋರಿಸಲೆಂದು ಮಂಜುಳಾ ನೇತುಹಾಕಿದ್ದ ಮಾಪಕದಲ್ಲಿ ಹನ್ನೊಂದು ಡಿಗ್ರಿ. ಮಾತಾಡಿದರೆ ಬಾಯಿಂದ ಹಬೆ. ಕೊಬ್ಬರಿ ಎಣ್ಣೆ ಬೆಳ್ಳಗೆ ಕಲ್ಲಾಗಿತ್ತು. ಲೋಟ ಬೋರಲು ಹಾಕಿದರೂ ಬೀಳಲಿಲ್ಲ. ಇಪ್ಪತ್ತು–ಐವತ್ತು ಜೇನಿನ ಹಾಗೆ ಒಂದೇ ಎಳೆಯಾಗಿ ಇಳಿಯಿತು. ಐದು–ಮೂವತ್ತು ಸರ್ರನೆ ಹರಿಯಿತು.

"ಅಬ್ಬಾ, ನೀರಿದ್ದಂಗಿದೆ ಮಾವ!" ಎಂದ ಲೋಕೇಶ.

ನಾನು ಖಲೀಲ್ ಭಾಯ್ ಕಡೆ ತಿರುಗಿದೆ. ಗೆದ್ದವನ ಹಾಗೆ ತಿರುಗಿದೆ ಎಂದೇ ಬರೆಯಬೇಕು. ಅವರು ಮಫ್ಲರ್ ಸರಿ ಮಾಡಿಕೊಂಡು, "ಹರಿಯೋದು ಒಂದು ಅಣ್ಣ, ಕಚ್ಚೋದು ಇನ್ನೊಂದು. ಒಂಬತ್ತಕ್ಕೆ ಅಂಗಡಿ ತೆಗೀತಾನೆ. ಹೋಗಿ ತಂದ್ಬುಡ್ತೀನಿ," ಎಂದರು.

"ಎಂಟಕ್ಕೆ ಜನ ಬರ್ತಾರೆ," ಎಂದಳು ಮಂಜುಳಾ. ಅವಳು ನನ್ನನ್ನು ನೋಡಿ ಹೇಳಿದಳು, ಅವರನ್ನಲ್ಲ.

"ಹಾಕಿ ಭಾಯ್. ಏನಾದ್ರೂ ಆದ್ರೆ ನಂದು," ಎಂದೆ.

ಅವರು ಡಬ್ಬ ಮುಟ್ಟಲಿಲ್ಲ. ನಾನೇ ಮುಚ್ಚಳ ಬಿಚ್ಚಿ, ಆಲಿಕೆ ಇಟ್ಟು ಸುರಿದೆ. ಲೋಕೇಶ ಸೆಲ್ಫು ಒತ್ತಿದ. ಮೊದಲ ಸಲಕ್ಕೇ ಎಂಜಿನ್ನು ಎದ್ದಿತು. ಮಂಜುಳಾ ಚಪ್ಪಾಳೆ ತಟ್ಟಿದಳು. ಲೋಕೇಶ ಹೆಲ್ಮೆಟ್ ಹಾಕಿಕೊಂಡು ಡೇರೆಗಳ ಸುತ್ತ, ಮಟ್ಟದ ನೆಲದಲ್ಲಿ ಹತ್ತು ನಿಮಿಷ ಓಡಿಸಿದ. ಏನೂ ತೊಂದರೆ ಕಾಣಲಿಲ್ಲ. ಜನ ಬರುವ ಮುಂಚೆ ಒಂದು ಸಲ ಗುಡ್ಡ ಹತ್ತಿಸಿ ನೋಡುವುದೆಂದು ಮಾತಾಯಿತು. ನಾನೂ ಖಲೀಲ್ ಭಾಯೂ ಮುಂಚೆಯೇ ನಡೆದು ಹತ್ತಿದೆವು. ನಾನು ಎರಡನೇ ತಿರುವಿನಲ್ಲಿ ನಿಂತೆ, ಅವರು ನನಗಿಂತ ಸ್ವಲ್ಪ ಕೆಳಗೆ. ಪಕ್ಕದ ಇಳಿಜಾರಿನಲ್ಲಿ ಮೇಕೆ ಬಿಟ್ಟುಕೊಂಡು ತಿಮ್ಮಯ್ಯ ಎಂಬ ಮುದುಕ ಕಂಬಳಿ ಹೊದ್ದು ಕೂತಿದ್ದ. ಮಂಜುಳಾ ಕೆಳಗೆ ಚಪ್ಪರದ ಮುಂದೆ ನಿಂತಿದ್ದಳು.

ಮೊದಲ ತಿರುವು ದಾಟಿ ಗಾಡಿ ನಮ್ಮ ಕಡೆಗೆ ಬಂತು. ಅಲ್ಲಿಂದ ಏರು ಕಡಿದು. ಮೊದಲು ಬದಲಾದದ್ದು ಸದ್ದು. ಎಂಜಿನ್ನಿನ ಕೂಗು ಮೇಲಕ್ಕೆ ಹೋಯಿತು, ಗಾಡಿ ನಿಧಾನವಾಯಿತು. ಕೂಗು ಇನ್ನೂ ಮೇಲೆ ಹೋಯಿತು, ಗಾಡಿ ನಿಂತಿತು.

"ಜಾರ್ತಾ ಐತೆ! ಕ್ಲಚ್ ಜಾರ್ತಾ ಐತೆ!" ಎಂದು ಖಲೀಲ್ ಭಾಯ್ ಕಿರುಚಿದರು. "ಇಳಿ ಲೋಕೇಶ! ಬ್ರೇಕ್ ಹಿಡೀಬ್ಯಾಡ, ಹಾರ್ಕೋ!"

ಹೆಲ್ಮೆಟ್ಟಿನೊಳಗೆ ಅವನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಗಾಡಿ ಹಿಂದಕ್ಕೆ ಉರುಳಲು ಶುರುವಾಯಿತು, ಒಂದು ಮಾರು, ಎರಡು ಮಾರು. ಅವನು ಬ್ರೇಕ್ ಹಿಡಿದ. ಯಾರಾದರೂ ಹಿಡಿಯುತ್ತಾರೆ. ಹಿಂದಿನ ಚಕ್ರ ಕಚ್ಚಿಕೊಂಡಿತು, ಮುಂದಿನ ಎರಡು ಚಕ್ರ ಎದ್ದವು. ಗಾಡಿ ನೆಟ್ಟಗೆ ನಿಂತಿತು, ಆಮೇಲೆ ಅವನ ಮೇಲೆ ಮಗುಚಿತು. ಎಂಜಿನ್ನು ಇನ್ನೂ ಕೂಗುತ್ತಿತ್ತು. ಮೇಲಕ್ಕೆ ಮುಖ ಮಾಡಿದ್ದ ನಾಲ್ಕು ಚಕ್ರಗಳಲ್ಲಿ ಹಿಂದಿನ ಎರಡು ಮೆಲ್ಲಗೆ ತಿರುಗುತ್ತಿದ್ದವು.

ಮೊದಲು ಓಡಿದವರು ಖಲೀಲ್ ಭಾಯ್. ನಾನು ಎಷ್ಟು ಹೊತ್ತು ಬಂಡೆಯ ಮೇಲೇ ನಿಂತಿದ್ದೆ ಎಂದು ಖಚಿತವಾಗಿ ಹೇಳಲಾರೆ. ಅವರು ಕೀಲಿ ತಿರುಗಿಸಿ ಎಂಜಿನ್ನು ಆರಿಸಿದ ಮೇಲೆ ನಾನು ಬಂಡೆಯಿಂದ ಇಳಿದು ಗಾಡಿಯ ಹತ್ತಿರ ಹೋದೆ. ಅಷ್ಟರಲ್ಲಿ ತಿಮ್ಮಯ್ಯ ಬಂದು ನಿಂತಿದ್ದ.

"ಹಿಡ್ಕಳಿ ಸ್ವಾಮಿ, ನೋಡ್ತಾ ನಿಂತ್ಕಬ್ಯಾಡಿ," ಎಂದ. ಮೂವರೂ ಎತ್ತಿದೆವು. ಲೋಕೇಶನಿಗೆ ಪ್ರಜ್ಞೆ ಇತ್ತು. ಎಡ ತೊಡೆ ಇರಬಾರದ ಕಡೆ ಬಾಗಿತ್ತು.

ತಿಮ್ಮಯ್ಯನ ಕಂಬಳಿಯಲ್ಲಿ ಲೋಕೇಶನನ್ನು ಇಳಿಸಿ, ಬೇಲಿಯ ಹಲಗೆಯೊಂದನ್ನು ಕಿತ್ತು ಕಾಲಿಗೆ ಕಟ್ಟಿ, ವ್ಯಾನಿನ ಹಿಂದೆ ಮಲಗಿಸಿದೆವು. ಕುಣಿಗಲ್ಲಿನಲ್ಲಿ ನೋವಿಗೆ ಒಂದು ಇಂಜೆಕ್ಷನ್ ಕೊಟ್ಟು ತುಮಕೂರಿಗೆ ಒಯ್ಯಿರಿ ಎಂದರು. ಆ ಅಂಗಡಿಯ ಮುಂದೆಯೇ ಹಾದುಹೋದೆವು. ಇನ್ನೂ ಬಾಗಿಲು ತೆಗೆದಿರಲಿಲ್ಲ.

ಮೂವತ್ತೈದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ದಾರಿ. ಮಂಜುಳಾ ಲೋಕೇಶನ ತಲೆಯ ಹತ್ತಿರ ಕೂತಿದ್ದಳು. ನಾನು ಹಿಂದೆ ಕೂತು ಹಲಗೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದಿದ್ದೆ. ಪ್ರತಿ ಉಬ್ಬಿಗೂ ಲೋಕೇಶ ಹಲ್ಲು ಕಚ್ಚುತ್ತಿದ್ದ. ಹೆಬ್ಬೂರು ದಾಟಿದ ಮೇಲೆ ಮಂಜುಳಾಳ ಫೋನ್ ಹೊಡೆದುಕೊಂಡಿತು, ಮೇಷ್ಟ್ರುಗಳು ಡೇರೆಗಳ ಹತ್ತಿರ ಬಂದಿದ್ದರು. "ಇವತ್ತು ಗಾಡಿ ಇಲ್ಲ ಸಾರ್. ತಿಂಡಿ ಚಪ್ಪರದಲ್ಲಿದೆ, ಬಡಿಸ್ಕೊಳಿ," ಎಂದಳು. ಫೋನ್ ಇಟ್ಟ ಮೇಲೆ ಅತ್ತಳು.

ಗೂಳೂರಿನ ಹತ್ತಿರ ಲೋಕೇಶ ಕಣ್ಣು ತೆರೆದು, "ನಂದೇ ತಪ್ಪು ಮಾವ. ಬ್ರೇಕ್ ಹಿಡೀಬಾರ್ದಿತ್ತು," ಎಂದ.

ಮುಂದೆ ಖಲೀಲ್ ಭಾಯ್ ವ್ಯಾನು ಓಡಿಸುತ್ತಿದ್ದರು. ಅವರ ತಲೆ ಅಲುಗಲಿಲ್ಲ. ಮಂಜುಳಾ ನನ್ನನ್ನು ನೋಡಲಿಲ್ಲ. ನಾನು ಸುಮ್ಮನಿದ್ದಿದ್ದರೆ ಆ ಮಾತು ಹಾಗೇ ಉಳಿಯುತ್ತಿತ್ತು, ನೆಂಟರಿಗೆಲ್ಲ ಅದೇ ಹೋಗುತ್ತಿತ್ತು. ಗೂಳೂರು ಮುಗಿಯುವವರೆಗೆ ನಾನು ಸುಮ್ಮನೇ ಇದ್ದೆ. ಅದನ್ನೂ ಬರೆಯಬೇಕು.

"ಬ್ರೇಕಲ್ಲ ಕಣಪ್ಪ," ಎಂದೆ ಕೊನೆಗೆ. "ಆಯಿಲು. ಭಾಯ್ ಮೂರು ಸಲ ತಡೆದ್ರು, ಗುಬ್ಬೀಲಿ, ಕುಣಿಗಲ್ಲಲ್ಲಿ, ಬೆಳಿಗ್ಗೆ ಗೋಡೆ ಹತ್ರ. ನಾನು ಕೇಳ್ಲಿಲ್ಲ."

ಮಂಜುಳಾ ಲೋಕೇಶನ ಹಣೆ ಒರೆಸಿದಳು. ಆಮೇಲೆ, "ಹಲ್ಗೆ ಗಟ್ಟಿಯಾಗಿ ಹಿಡ್ಕಳಿ ಮಾವ," ಎಂದಳು. ಆಸ್ಪತ್ರೆಯ ಬಾಗಿಲವರೆಗೆ ಹಿಡಿದಿದ್ದೆ. ಅಲ್ಲಿಯವರು ಸ್ಟ್ರೆಚರ್ ತಂದಾಗಲೂ ನನ್ನ ಬೆರಳು ಬಿಡಿಸಿಕೊಳ್ಳಲು ಆಗಲಿಲ್ಲ. ಖಲೀಲ್ ಭಾಯ್ ಒಂದೊಂದಾಗಿ ಬಿಡಿಸಿದರು.

ಇದಾಗಿ ಮೂರು ಚಳಿಗಾಲ ಕಳೆದಿವೆ. ಅಂಗಡಿಗೆ ಎ.ಟಿ.ವಿ.ಗೆ ಆಯಿಲು ಕೇಳಿಕೊಂಡು ಯಾರಾದರೂ ಬಂದರೆ ನಾನು ಮೊದಲು ಗಾಡಿಯ ಕೈಪಿಡಿ ಪುಸ್ತಕ ಕೇಳುತ್ತೇನೆ. ಆಮೇಲೆ ಡಬ್ಬವನ್ನು ಹಿಂದಕ್ಕೆ ತಿರುಗಿಸಿ ಆ ಎರಡಕ್ಷರವನ್ನು ಅವರ ಕೈಯಲ್ಲೇ ಓದಿಸುತ್ತೇನೆ. ಚಳಿಯ ಸಂಖ್ಯೆಯ ಮಾತು ಅದರ ನಂತರ.

ನಾನು ಬರೆದದ್ದರಲ್ಲಿ ಅನುಮಾನ ಇರುವವರು ಅಂದು ಅಲ್ಲಿದ್ದವರನ್ನು ಕೇಳಬಹುದು. ತಿಮ್ಮಯ್ಯ ಹೋದ ವರ್ಷ ವಯಸ್ಸಾಗಿ ತೀರಿಕೊಂಡ. ಅವನ ಕಂಬಳಿಯನ್ನು ನಾವು ಹಿಂದಿರುಗಿಸಲೇ ಇಲ್ಲ, ರಕ್ತದ ಕಲೆ ಹೋಗಲಿಲ್ಲ. ಖಲೀಲ್ ಭಾಯ್ ಗುಬ್ಬಿಯಲ್ಲಿದ್ದಾರೆ, ಶೆಡ್ಡು ಅಲ್ಲೇ ಇದೆ. ಮಂಜುಳಾ ಗುಡ್ಡದ ಬುಡದಲ್ಲೇ ಇದ್ದಾಳೆ. ಕೆಳಗಿನಿಂದ ಎಲ್ಲವನ್ನೂ ಪೂರ್ತಿಯಾಗಿ ಕಂಡವಳು ಅವಳೇ, ಅದರ ಬಗ್ಗೆ ಇದುವರೆಗೆ ನನ್ನೊಡನೆ ಒಂದು ಮಾತೂ ಆಡಿಲ್ಲ. ಲೋಕೇಶನೂ ಇದ್ದಾನೆ. ತೊಡೆಯಲ್ಲಿ ರಾಡು ಇದೆ, ಚಳಿಗೆ ಬೆಳಿಗ್ಗೆ ಎದ್ದು ಕಾಲು ಮಡಚಲು ಸ್ವಲ್ಪ ಹೊತ್ತು ಬೇಕು. ಅವನನ್ನು ಕೇಳಿದರೆ, ಗಾಡಿ ಎದ್ದಾಗ ತಾನು ಕಂಡದ್ದು ಆಕಾಶ ಮಾತ್ರ ಎನ್ನುತ್ತಾನೆ.