ಪಾತಾಳದಲ್ಲಿ ಒಲೆ ಹಚ್ಚುವವರು ಯಾರು?

ನನ್ನ ಮೊಮ್ಮಗಳು ಓದುವ ಪುಸ್ತಕದಲ್ಲಿ ಯಾರೂ ಅಡುಗೆ ಮಾಡುವುದಿಲ್ಲ. ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ದೇವರು, ದೊರೆ, ಕತ್ತಿ, ರೆಕ್ಕೆ, ಮುನಿಸು, ಮುತ್ತು ಎಲ್ಲ ಇವೆ. ಅರ್ಧ ಕಥೆ ಕೇಳಿ ಮುಗಿಸಿದ್ದೇನೆ. ಇಲ್ಲಿಯವರೆಗೆ ಒಬ್ಬರೂ ಒಲೆ ಹಚ್ಚಿಲ್ಲ, ಒಬ್ಬರೂ ಪಾತ್ರೆ ತಿಕ್ಕಿಲ್ಲ. ಖಾಲಿ ಹೊಟ್ಟೆಯಲ್ಲಿ ಇಷ್ಟೊಂದು ಪ್ರೀತಿ ಮಾಡಲು ಹೇಗಾಗುತ್ತದೆ ಎಂದು ಮೊದಲ ದಿನದಿಂದಲೂ ನನಗೆ ಅನುಮಾನ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕನ್ನಡವಾದರೆ ದಪ್ಪ ಅಕ್ಷರವನ್ನು ಕೂಡಿಸಿಕೊಂಡು ಓದುತ್ತೇನೆ. ಇದು ಇಂಗ್ಲಿಷ್ ಪುಸ್ತಕ. ನಮ್ಮದು ನಲ್ಲೂರಿನಲ್ಲಿ ಹಿಟ್ಟಿನ ಗಿರಣಿ. ತ್ರೀ ಫೇಸ್ ಕರೆಂಟ್ ಇರುವಷ್ಟು ಹೊತ್ತು ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸುವುದಿಲ್ಲ. ಕರೆಂಟ್ ಹೋಯಿತೆಂದರೆ ಮೊಮ್ಮಗಳು ಸಿಂಚನಾ ಪುಸ್ತಕ ತೆಗೆಯುತ್ತಾಳೆ. ತಾನೊಂದು ಪುಟ ಓದಿಕೊಂಡು ನನಗೆ ಕನ್ನಡದಲ್ಲಿ ಹೇಳುತ್ತಾಳೆ. ಹಾಗಾಗಿ ಆ ಪ್ರೇಮ ಕರೆಂಟ್ ಹೋದಾಗ ನಡೆಯುತ್ತದೆ, ಬಂದಾಗ ನಿಲ್ಲುತ್ತದೆ. ಒಮ್ಮೆ ಕಥೆಯ ಹುಡುಗ, ಹುಡುಗಿ ಮುಖಕ್ಕೆ ಮುಖ ತಂದಿದ್ದರು, ಕರೆಂಟ್ ಬಂದುಬಿಟ್ಟಿತು. ಮರುದಿನದವರೆಗೆ ಹಾಗೇ ನಿಂತಿದ್ದರು, ಪಾಪ.

ಗ್ರೀಸ್ ಎಂಬ ದೇಶದ ಹಳೇ ದೇವರುಗಳನ್ನು ಹಿಡಿದು ಈಗಿನ ಹುಡುಗಿಯರಿಗಾಗಿ ಯಾರೋ ಹೊಸದಾಗಿ ಹೆಣೆದ ಕಥೆ ಅದು. ಪಾತಾಳಕ್ಕೊಬ್ಬ ದೊರೆ, ಸತ್ತವರೆಲ್ಲ ಅವನ ಸುಪರ್ದಿಗೆ. ನಮ್ಮ ಯಮನ ದಾಯಾದಿ ಇರಬೇಕು ಅಂದುಕೊಂಡೆ. ಆದರೆ ನಮ್ಮ ಯಮನಿಗೆ ಕೋಣ, ದಪ್ಪ ಮೀಸೆ, ಕೈಯಲ್ಲಿ ಹಗ್ಗ. ನೋಡಿದವರಿಗೆ ಇನ್ನೊಂದಷ್ಟು ದಿನ ಬದುಕೋಣ ಅನಿಸಬೇಕು. ಇವನಿಗೋ ಕರಿ ರೆಕ್ಕೆ, ಬೆಳ್ಳಿಯಂಥ ಕಣ್ಣು, ಹಣೆಯ ಮೇಲೆ ಬೀಳುವ ಕೂದಲು. ಇಂಥವನು ಬಾಗಿಲಿಗೆ ಬಂದರೆ ಹುಡುಗಿಯರು ತಾವೇ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ಆದರೂ ಅವನು ಹೂ ಕೀಳುತ್ತಿದ್ದ ಒಬ್ಬ ಹುಡುಗಿಯನ್ನು ಎತ್ತಿಕೊಂಡೇ ಹೋದನಂತೆ. ಅವಳ ತಾಯಿ ಪೈರಿನ ದೇವತೆ. ಮಗಳು ಕಾಣದಾದ ಮೇಲೆ ಭೂಮಿಯ ಮೇಲೆ ಒಂದು ಕಾಳು ಮೊಳೆಯದಂತೆ ಮಾಡಿದಳು. ಅಷ್ಟು ದಪ್ಪ ಪುಸ್ತಕದಲ್ಲಿ ಅದೊಂದನ್ನು ನಾನು ತಕರಾರಿಲ್ಲದೆ ನಂಬಿದೆ.

"ಅವ್ನು ಹಗಲೆಲ್ಲಾ ಏನ್ ಕೆಲ್ಸ ಮಾಡ್ತಾನೆ?" ಎಂದು ಕೇಳಿದೆ.

"ದೊರೆ ಅಜ್ಜಿ ಅವ್ನು. ಸಿಂಹಾಸನದ ಮೇಲೆ ಕೂತಿರ್ತಾನೆ."

"ನೆಲದ ಕೆಳಗೆ ಮನೆ ಅಂತೀಯ. ಬಿಸ್ಲೇ ಇಲ್ಲ. ಆ ಹುಡುಗಿ ಹಪ್ಪಳ ಎಲ್ಲಿ ಒಣಗಿಸ್ಬೇಕು?"

"ನಿಂಗೆ ರೊಮ್ಯಾನ್ಸ್ ಅಂದ್ರೆ ಏನೂ ಗೊತ್ತಿಲ್ಲ, ಬಿಡು."

ಇರಬಹುದು. ನಮ್ಮ ಯಜಮಾನರು ಇದ್ದಷ್ಟು ಕಾಲ ಹಿಟ್ಟು ಮೆತ್ತಿಕೊಂಡು ರೆಪ್ಪೆಯವರೆಗೂ ಬೆಳ್ಳಗೆ ಮನೆಗೆ ಬರುತ್ತಿದ್ದರು. ರೆಕ್ಕೆ ಇರಲಿಲ್ಲ. ನನಗೆ ಜ್ವರ ಬಂದರೆ ತಾವೇ ರಾಗಿ ಅಂಬಲಿ ಕಾಸಿ ತಂದು ಮುಂದಿಡುತ್ತಿದ್ದರು. ಗಿರಣಿಯ ಒಡೆಯರ ಅಂಬಲಿ, ಅದರಲ್ಲಿ ಬರೀ ಗಂಟು. ಬೈದುಕೊಂಡೇ ಕುಡಿಯುತ್ತಿದ್ದೆ. ಇದನ್ನು ಯಾರೂ ಪುಸ್ತಕ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ.

ಕೊನೆಗೊಂದು ದಿನ ಆ ಪುಸ್ತಕದಲ್ಲಿ ಊಟದ ಮಾತು ಬಂತು. ಊಟವೆಂದರೆ ನಾಲ್ಕು ದಾಳಿಂಬೆ ಕಾಳು. ಪಾತಾಳದಲ್ಲಿ ಯಾರು ಏನು ತಿಂದರೂ ಆಮೇಲೆ ಅಲ್ಲಿಗೇ ಸೇರಿದವರಂತೆ. ಹುಡುಗಿ ಅರಿಯದೆ ತಿಂದಳು, ಸಿಕ್ಕಿಬಿದ್ದಳು. ಸಿಂಚನಾ ಕಣ್ಣೊರೆಸಿಕೊಂಡು, "ಎಷ್ಟು ವಿಚಿತ್ರ ರೂಲ್ ನೋಡಜ್ಜಿ" ಅಂದಳು. ನನಗೆ ವಿಚಿತ್ರವೇನೂ ಕಾಣಲಿಲ್ಲ. ಇದು ನಮ್ಮ ಕಡೆಯ ಕಾನೂನೇ ಅಲ್ಲವೆ? ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು, ಕೇಸರಿಬಾತು, ಚಹಾ. ಮಾತುಕತೆ ಮುಗಿದು ಎರಡೂ ಕಡೆಯವರು ಒಪ್ಪುವವರೆಗೆ ಊಟವಿಲ್ಲ. ಉಂಡರೆ ಒಪ್ಪಿದರು ಅಂತಲೇ ಅರ್ಥ. ಗ್ರೀಸಿನವರಿಗೆ ಇದನ್ನು ಯಾರು ಹೇಳಿಕೊಟ್ಟರೋ.

ಇದಾದ ಸ್ವಲ್ಪ ದಿನಕ್ಕೆ ಸಿಂಚನಾಳನ್ನೇ ನೋಡಲು ಸಾಸ್ವೆಹಳ್ಳಿಯಿಂದ ಬಂದರು. ಭತ್ತ ಬೆಳೆಯುವ ಮನೆತನ. ಹುಡುಗ ಮಂಜುನಾಥ ಹೊನ್ನಾಳಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸಿಂಚನಾಳಿಗೆ ಆಗ ಬಿ.ಎಡ್. ಇನ್ನೂ ಮುಗಿದಿರಲಿಲ್ಲ. "ಹುಡುಗನ್ನ ನೋಡ್ತೀನಿ. ಹೂಂ ಅಂತೀನೋ ಉಹೂಂ ಅಂತೀನೋ ಆಮೇಲೆ. ಅವಸರ ಮಾಡ್ಬೇಡ್ರಿ" ಎಂದು ಅವರಪ್ಪನಿಗೆ, ಅಂದರೆ ನನ್ನ ಮಗನಿಗೆ, ಮೊದಲೇ ಹೇಳಿದ್ದಳು. ಅವನು ತಲೆಯಾಡಿಸಿದ್ದ. ತಲೆಯಾಡಿಸುವುದಕ್ಕೆ ಅವನಿಗೇನೂ ಖರ್ಚಿಲ್ಲ.

ಬೆಳಿಗ್ಗೆ ಬರಬೇಕಾದವರ ಕಾರು ದಾರಿಯಲ್ಲಿ ಪಂಚರ್ ಆಗಿ, ಬಂದಾಗ ಮಧ್ಯಾಹ್ನ ಇಳಿದಿತ್ತು. ಹಿರಿಯರೆಲ್ಲ ಪಡಸಾಲೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ನಾನು ಹಿತ್ತಲ ಕಟ್ಟೆಯ ಮೇಲೆ ಉಣ್ಣುತ್ತಿದ್ದೆ. ತೋಳು ಮಡಿಸಿದ ಅಂಗಿಯ ಹುಡುಗನೊಬ್ಬ ಗ್ರೀಸ್ ಮೆತ್ತಿದ ಕೈ ತೊಳೆಯಲು ಬಂದ. ಟೈರು ಬದಲಿಸಿದವನು, ಡ್ರೈವರ್ ಇರಬೇಕು ಅಂದುಕೊಂಡೆ.

"ಉಂಡಿಯೇನಪ್ಪಾ?"

"ಇಲ್ಲಜ್ಜಿ" ಎಂದ. ಕಣ್ಣು ನನ್ನ ತಟ್ಟೆಯ ಮೇಲಿತ್ತು.

ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿಕೊಟ್ಟೆ. ಹಸಿದವನು ಮಾತಾಡದೆ ಉಂಡ. ಎರಡನೇ ರೊಟ್ಟಿ ಮುರಿಯುವ ಹೊತ್ತಿಗೆ ಅವನ ಸೋದರಮಾವ ಹುಡುಕಿಕೊಂಡು ಬಂದರು. ನೋಡಿ ಎರಡೂ ಕೈ ತಟ್ಟಿದರು.

"ಮದುಮಗ ಆಗ್ಲೇ ಉಣ್ಣಾಕೆ ಕುಂತಾನಲ್ರೀ! ಇನ್ನೇನೈತಿ, ಮುಗೀತು. ಬೀಗರೇ, ಮುಹೂರ್ತ ನೋಡ್ಸಿ!"

ಪಡಸಾಲೆಯಲ್ಲಿ ನಗು ಎದ್ದಿತು. ನನ್ನ ಮಗ ಖುಷಿಯಲ್ಲಿ ಪಂಚಾಂಗ ಹುಡುಕಲು ಎದ್ದ. ಅಡುಗೆಮನೆಯ ಬಾಗಿಲಲ್ಲಿ ಸಿಂಚನಾ ನಿಂತಿದ್ದಳು. ಅವಳ ಮುಖ ನೋಡಿದೆ. ದಾಳಿಂಬೆ ತಿಂದವಳು ಇವಳೇ ಏನೋ ಎಂಬಂತಿತ್ತು.

ಮಾವ, ಹುಡುಗ ಇಬ್ಬರೂ ಪಡಸಾಲೆಗೆ ಹೋದರು, ನಾನೂ ಕೈ ತೊಳೆದುಕೊಂಡು ಒಳಗೆ ಬಂದೆ. "ಬೀಗರು ಅನ್ನಾಕೆ ಇನ್ನೂ ಟೈಮ್ ಐತ್ರಿ" ಅಂದೆ. "ಉಂಡೋರು ಯಾರು? ನಿಮ್ ಹುಡುಗ. ಯಾರ ಮನೇಲಿ? ನಮ್ಮನೇಲಿ. ಹಂಗಾದ್ರೆ ಕಟ್ಟುಬಿದ್ದಿರೋನು ನಿಮ್ಮೋನು. ನಮ್ ಹುಡುಗಿ ನಿಮ್ಮನೆ ನೀರೂ ಮುಟ್ಟಿಲ್ಲ. ಅವ್ಳು ಇನ್ನೂ ನೋಡಾಕತ್ಯಾಳೆ."

"ಅವ್ವಾ!" ಎಂದ ನನ್ನ ಮಗ.

ಪದ್ಧತಿಯ ಮಾತು ಎತ್ತಿದವರು ಸೋದರಮಾವನೇ. ಮೊದಲು ನಕ್ಕವನು ಮಂಜುನಾಥ. "ಅಜ್ಜಿ ಹೇಳೋದು ನ್ಯಾಯ ಐತೆ ಮಾವ. ಉಂಡೋನು ನಾನು, ನಾನೇ ಕಾಯ್ತೀನಿ. ಅವ್ರ ಬಿ.ಎಡ್. ಮುಗೀಲಿ" ಅಂದ. ಬಾಗಿಲ ಕಡೆ ನೋಡಿ, "ಪಲ್ಯ ಚೆನ್ನಾಗಿತ್ತು" ಎಂದೂ ಸೇರಿಸಿದ.

"ನಾ ಮಾಡಿದ್ದಲ್ಲ ಅದು" ಎಂದಳು ಸಿಂಚನಾ. ಅವರಿಬ್ಬರ ಮೊದಲ ಮಾತು ಇದೇ. ಪುಸ್ತಕದಲ್ಲಾದರೆ ಈ ಹೊತ್ತಿಗೆ ಮಿಂಚು ಹೊಡೆಯುತ್ತಿತ್ತು. ನಮ್ಮಲ್ಲಿ ತ್ರೀ ಫೇಸ್ ಬಂತು, ಅಷ್ಟೇ.

ಪರೀಕ್ಷೆ ಮುಗಿದ ಮೇಲೆ ಅವರ ಮನೆ ನೋಡಲು ಹೊರಟೆವು. ತಾನೂ ಬರುತ್ತೇನೆಂದು ಸಿಂಚನಾ ಹಟ ಹಿಡಿದಳು. ಹುಡುಗಿ ಎಲ್ಲಾದರೂ ಮನೆ ನೋಡಲು ಹೋಗುತ್ತಾಳೆಯೇ ಎಂದು ನನ್ನ ಮಗ ಗೊಣಗಿದ. ಅಲ್ಲಿರಬೇಕಾದವಳು ಅವಳು, ನೀನಲ್ಲ ಎಂದೆ. ಅವಳಿಗೆ ಬಸ್ಸಿನಲ್ಲಿ ಒಂದೇ ಮಾತು ಹೇಳಿದೆ: ಮನಸ್ಸಾಗುವವರೆಗೆ ಅಲ್ಲಿ ಏನನ್ನೂ ಬಾಯಿಗೆ ಹಾಕಬೇಡ.

ಸಾಸ್ವೆಹಳ್ಳಿಯ ಮನೆಯಲ್ಲಿ ಖಾರ ಮಂಡಕ್ಕಿ, ಬಿಸಿ ಮಿರ್ಚಿ, ಚಹಾ ತಂದಿಟ್ಟರು. ನಾವೆಲ್ಲ ತಿಂದೆವು. ಅವಳ ತಟ್ಟೆ ಹಾಗೇ ಇತ್ತು. ಕಿಟಕಿ ನೋಡಿದಳು, ಅಂಗಳದ ಬಿಸಿಲು ನೋಡಿದಳು. ಆಮೇಲೆ ಎಲ್ಲರೆದುರೇ ಮಂಜುನಾಥನನ್ನು ಕೇಳಿದಳು: "ನಿಮ್ಮನೇಲಿ ಒಲೆ ಹಚ್ಚೋರು ಯಾರ್ರೀ?"

ನನ್ನ ಮಗ ಚಹಾ ಚೆಲ್ಲಿಕೊಂಡ.

"ಬೆಳಿಗ್ಗೆ ನಾನೇ" ಅಂದ ಹುಡುಗ. "ಈ ಚಾನೂ ನಾನೇ ಮಾಡಿದ್ದು. ರೊಟ್ಟಿ ಬರಲ್ಲ. ಬಡಿಯಾಕೆ ಹೋದ್ರೆ ಹರೀತದೆ."

"ಚಾನೂ ಬರಲ್ಲ ಕಣಮ್ಮ" ಎಂದಳು ಅವನ ತಾಯಿ. "ಸಕ್ರೆ ಸುರಿದುಬಿಡ್ತಾನೆ."

ನಿಜ. ಪಾಯಸದಂತಿತ್ತು. ನನಗೆ ಗಂಟುಗಂಟಾದ ಅಂಬಲಿ ನೆನಪಾಯಿತು.

ಸಿಂಚನಾ ಮಂಡಕ್ಕಿಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ನನ್ನ ಕಡೆ ನೋಡಿದಳು. ನಾನು ಬೇಕೆಂದೇ ಮುಖ ತಿರುಗಿಸಿ ಹೊರಗೆ ಕಟ್ಟಿದ್ದ ಎಮ್ಮೆಯನ್ನು ನೋಡುತ್ತ ಕೂತೆ. ಎಮ್ಮೆ ಚೆನ್ನಾಗಿತ್ತು. ಸ್ವಲ್ಪ ಹೊತ್ತಿಗೆ ನನ್ನ ಬೆನ್ನ ಹಿಂದೆ ಮಂಡಕ್ಕಿ ಅಗಿಯುವ ಸದ್ದು ಕೇಳಿಸಿತು. ನಾಲ್ಕು ಕಾಳಿನ ಸದ್ದಲ್ಲ ಅದು, ಮುಷ್ಟಿ ತುಂಬ.